ಮಲಪ್ರಭೆಯ ದಂಡೆಯ ಗುಡಿಗಳು: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ಸಲದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಪ್ರವಾಸಕ್ಕೆ ಸಂಬಂಧಿಸಿದವು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನಷ್ಟೇ ಆರಿಸಿಕೊಂಡಿದ್ದೇವೆ. ಬಸ್ಸಿನ ವೇಳೆಯನ್ನೂ ವಸತಿಗೃಹಗಳ ದರವನ್ನೂ ಕೇಳಿದವರು ಮನ್ನಿಸಬೇಕು. ಪತ್ರಿಕೆ ಅಚ್ಚಾಗಿ ಮನೆ ಮುಟ್ಟುವಷ್ಟರಲ್ಲಿ ಬದಲಾಗುವ ವಿವರಗಳನ್ನು ಇಲ್ಲಿ ಕೊಡುವುದರಿಂದ ಯಾರಿಗೂ ಉಪಕಾರವಿಲ್ಲ.

ಪ್ರಶ್ನೆ: ಭಾನುವಾರ ನಸುಕಿನಲ್ಲಿ ಹೊರಟು ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಇಷ್ಟನ್ನೂ ನೋಡಿಕೊಂಡು ರಾತ್ರಿ ಮನೆ ಸೇರಬಹುದೇ? ಜೊತೆಯಲ್ಲಿ ಎಪ್ಪತ್ತು ದಾಟಿದ ತಂದೆ ತಾಯಿ ಮತ್ತು ಇಬ್ಬರು ಮಕ್ಕಳಿರುತ್ತಾರೆ. – ಓದುಗರೊಬ್ಬರು, ವಿಜಯಪುರ

ಉತ್ತರ: ಗಾಡಿ ಅಷ್ಟೂ ಊರುಗಳನ್ನು ಸುತ್ತಿ ಬರುತ್ತದೆ, ಒಳಗೆ ಕುಳಿತವರು ಮಾತ್ರ ಯಾವುದನ್ನೂ ನೋಡಿರುವುದಿಲ್ಲ. ಊರಿನಿಂದ ಊರಿಗೆ ಇರುವ ಅಂತರ ಕಡಿಮೆಯಾಗಿರುವುದೇ ಇಲ್ಲಿ ಎಲ್ಲರ ಲೆಕ್ಕವನ್ನು ತಪ್ಪಿಸುತ್ತದೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್. ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಆದ್ದರಿಂದ ಒಂದೊಂದು ಊರಿಗೆ ಮುಕ್ಕಾಲು ತಾಸು ಸಾಕೆಂದು ಜನ ಅಂದುಕೊಳ್ಳುತ್ತಾರೆ. ಸಮಯವನ್ನು ತಿನ್ನುವುದು ರಸ್ತೆಯಲ್ಲ, ಬಿಸಿಲು, ಮೆಟ್ಟಿಲು ಮತ್ತು ಬರಿಗಾಲಿನ ಕೆಳಗೆ ಕಾಯುವ ಮರಳುಗಲ್ಲು.

ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಈ ಮೂರೂ ಊರುಗಳು ಒಂದೇ ಬಗೆಯವೆಂದು ತಿಳಿದು ಹೊರಟವರಿಗೆ ಎರಡನೆಯ ಊರಿನ ಹೊತ್ತಿಗೇ ಎಲ್ಲ ಗುಡಿಗಳೂ ಒಂದೇ ಥರ ಕಾಣತೊಡಗುತ್ತವೆ. ಬಾದಾಮಿ, ಅಂದರೆ ಅಂದಿನ ವಾತಾಪಿ, ಆಳುವವರು ನೆಲೆಸಿದ ಊರು. ಒಂದನೆಯ ಪುಲಕೇಶಿ ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಇಲ್ಲಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅಲ್ಲಿಯ ಬಂಡೆಯ ಮೇಲಿನ ಶಾಸನವೇ ಹೇಳುತ್ತದೆ. ಐಹೊಳೆ ವರ್ತಕರ ಊರು. ಮುಂದೆ ದಕ್ಷಿಣ ಭಾರತದ ಉದ್ದಗಲಕ್ಕೂ ಹೆಸರಾದ ಅಯ್ಯಾವೊಳೆ ಐನೂರ್ವರ ಸಂಘಕ್ಕೆ ಹೆಸರು ಬಂದದ್ದು ಈ ಊರಿನಿಂದ. ಶಾಸನಗಳಲ್ಲಿ ಕಿಸುವೊಳಲು ಎಂದು ಕರೆಯಿಸಿಕೊಂಡಿರುವ ಪಟ್ಟದಕಲ್ಲು ಚಾಲುಕ್ಯ ಅರಸರು ಪಟ್ಟ ಕಟ್ಟಿಸಿಕೊಳ್ಳುತ್ತಿದ್ದ ಊರು, ಮತ್ತು ಅದು ಹೊಳೆಗೆ ಎದುರಾಗಿ ಕಟ್ಟಿದ ಊರು. ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಸಾಗಿ ಬರುವ ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಉತ್ತರವಾಹಿನಿಯ ದಂಡೆ ನಮ್ಮಲ್ಲಿ ಪವಿತ್ರವೆನಿಸಿದ್ದರಿಂದ ಪಟ್ಟಾಭಿಷೇಕಕ್ಕೂ ಗುಡಿಗಳಿಗೂ ಈ ತಿರುವೇ ಒದಗಿಬಂದಿತು.

ಒಂದೇ ದಿನ ನಿಮ್ಮ ಕೈಯಲ್ಲಿದ್ದರೆ ಬೆಳಗಿನ ಹೊತ್ತನ್ನು ಪೂರ್ತಿಯಾಗಿ ಪಟ್ಟದಕಲ್ಲಿಗೆ ಕೊಡಿ. ನೆಲ ಸಮತಟ್ಟಾಗಿದ್ದು, ಆವರಣದಲ್ಲಿ ಹುಲ್ಲು ಹಾಸೂ ನೆರಳೂ ಇರುವುದರಿಂದ ಹಿರಿಯರಿಗೆ ಈ ಮೂರರಲ್ಲಿ ಅನುಕೂಲವಾದ ಜಾಗ ಇದೇ. ಮಧ್ಯಾಹ್ನದ ಮೇಲೆ ಐಹೊಳೆಯಲ್ಲಿ ದುರ್ಗದ ಗುಡಿಯ ಆವರಣವನ್ನಷ್ಟೇ ನೋಡಿ. ಕೂಡಲಸಂಗಮ ಹೇಗೂ ವಿಜಯಪುರಕ್ಕೆ ಮರಳುವ ಹೆದ್ದಾರಿಯ ಬದಿಗಿದೆ. ಮಲಪ್ರಭೆ ಕೃಷ್ಣೆಯನ್ನು ಸೇರುವುದು ಅಲ್ಲಿ, ಬಸವಣ್ಣನವರ ಐಕ್ಯಸ್ಥಳ ಇರುವುದೂ ಅಲ್ಲಿಯೇ. ಬೆಳಗಿನಿಂದ ನೋಡಿದ ಹೊಳೆ ಮುಗಿಯುವ ಜಾಗವನ್ನು ಸಂಜೆ ನೋಡಿದರೆ ಮಕ್ಕಳಿಗೆ ಭೂಗೋಳದ ಪಾಠವೂ ಆಗುತ್ತದೆ. ಬಾದಾಮಿ, ಬನಶಂಕರಿ, ಮಹಾಕೂಟಗಳಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಬನಶಂಕರಿಗೆ ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಹೋಗುವುದಾದರೆ ಆ ದಿನ ಬೇರೆ ಯಾವುದನ್ನೂ ನೋಡುವ ಯೋಚನೆ ಬೇಡ, ಜಾತ್ರೆಯನ್ನೇ ನೋಡಬೇಕು.

ಪ್ರಶ್ನೆ: ಪಟ್ಟದಕಲ್ಲಿನಲ್ಲಿ ಎರಡು ಬಗೆಯ ಗುಡಿಗಳು ಒಂದರ ಪಕ್ಕದಲ್ಲಿ ಒಂದಿವೆ ಎಂದು ಪುಸ್ತಕಗಳಲ್ಲಿ ಓದಿದ್ದೇನೆ. ಹೋಗಿ ನಿಂತರೆ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಎಲ್ಲಿ ನಿಂತು ಏನನ್ನು ನೋಡಬೇಕು? – ಓದುಗರೊಬ್ಬರು, ಮುಧೋಳ

ಉತ್ತರ: ಕಾಶಿವಿಶ್ವನಾಥ ಗುಡಿಗೂ ಮಲ್ಲಿಕಾರ್ಜುನ ಗುಡಿಗೂ ನಡುವೆ ನಿಂತು ತಲೆ ಎತ್ತಿ ಶಿಖರಗಳನ್ನು ಮಾತ್ರ ನೋಡಿ, ಗೋಡೆ, ಕಂಬ, ಮೂರ್ತಿಗಳನ್ನು ಸದ್ಯಕ್ಕೆ ಮರೆತುಬಿಡಿ. ಕಾಶಿವಿಶ್ವನಾಥದ ಶಿಖರ ಬುಡದಿಂದ ತುದಿಯವರೆಗೆ ಒಂದೇ ಓಟದಲ್ಲಿ ಬಾಗುತ್ತ ಮೇಲೇರುತ್ತದೆ. ಮೈಮೇಲಿನ ಪಟ್ಟಿಗಳೂ ಉದ್ದುದ್ದಕ್ಕೆ ಸಾಗುತ್ತವೆ. ಇದು ರೇಖಾನಾಗರ. ಮಲ್ಲಿಕಾರ್ಜುನದ ಶಿಖರ ಹಾಗಲ್ಲ. ಅದು ಅಂತಸ್ತಿನ ಮೇಲೆ ಅಂತಸ್ತಾಗಿ, ಪ್ರತಿ ಅಂತಸ್ತಿನ ಅಂಚಿಗೂ ಪುಟ್ಟ ಪುಟ್ಟ ಗುಡಿಗಳ ಸಾಲನ್ನು ಹೊತ್ತು, ಕಣ್ಣನ್ನು ಅಡ್ಡಡ್ಡಕ್ಕೆ ಸೆಳೆಯುತ್ತ ಕಿರಿದಾಗುತ್ತದೆ ಮತ್ತು ಗುಮ್ಮಟದಂಥ ತಲೆಯಿಂದ ಮುಗಿಯುತ್ತದೆ. ಇದು ದ್ರಾವಿಡ. ಈ ಒಂದು ಹೋಲಿಕೆ ಕಣ್ಣಿಗೆ ಹಿಡಿದರೆ ಉಳಿದವುಗಳನ್ನು ನೀವೇ ವಿಂಗಡಿಸಬಲ್ಲಿರಿ. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಕಾಶಿವಿಶ್ವನಾಥ, ಪಾಪನಾಥ ಇವು ನಾಗರ ಶಿಖರದವು; ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಮತ್ತು ಊರ ಹೊರಗಿನ ರಾಷ್ಟ್ರಕೂಟರ ಕಾಲದ ಜೈನ ಬಸದಿ ದ್ರಾವಿಡದವು. ಚಂದ್ರಶೇಖರ ಗುಡಿಗೆ ಶಿಖರವೇ ಇಲ್ಲ.

ಗಳಗನಾಥದ ಎದುರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಅದರ ಮಂಟಪದ ಬಹುಭಾಗ ಬಿದ್ದುಹೋಗಿದೆ. ಆದರೆ ನೆಲ್ಲಿಕಾಯಿಯ ಆಕಾರದ ಆಮಲಕ ಮತ್ತು ಕಲಶಗಳೊಡನೆ ಶಿಖರ ಉಳಿದಿದೆ. ತುಂಗಭದ್ರೆಯ ದಂಡೆಯ ಆಲಂಪುರದಲ್ಲಿ ಇದೇ ಚಾಲುಕ್ಯರು ಕಟ್ಟಿಸಿದ ಗುಡಿಗಳನ್ನು ಕಂಡವರಿಗೆ ಇದರ ಚಹರೆ ಪರಿಚಿತವೆನಿಸುತ್ತದೆ. ಪ್ರದಕ್ಷಿಣಪಥದ ದಕ್ಷಿಣ ಭಾಗದಲ್ಲಿ ಅಂಧಕಾಸುರನನ್ನು ಕೊಲ್ಲುವ ಶಿವನ ಮೂರ್ತಿಯಿದೆ. ಹೊರಗಿನಿಂದಲೇ ಹಾದುಹೋಗುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಎರಡೂ ಶೈಲಿಗಳು ಒಂದೇ ಕಡೆ ಏಕೆ ಬಂದವು ಎಂಬುದಕ್ಕೆ, ಚಾಲುಕ್ಯರ ರಾಜ್ಯ ಉತ್ತರಕ್ಕೂ ದಕ್ಷಿಣಕ್ಕೂ ನಡುವೆ ಇದ್ದು ಎರಡೂ ಕಡೆಯ ಕಲೆಗಾರಿಕೆಯನ್ನು ಬಲ್ಲ ಶಿಲ್ಪಿಗಳು ಅರಮನೆಯ ಆಶ್ರಯಕ್ಕೆ ಸಿಕ್ಕಿದ್ದರೆಂಬುದು ವಿದ್ವಾಂಸರು ಒಪ್ಪಿರುವ ಉತ್ತರ. ಈ ಊರುಗಳನ್ನು ‘ವಾಸ್ತುಶಿಲ್ಪದ ಪ್ರಯೋಗಶಾಲೆ’ ಎಂದು ಕರೆಯುವುದು ರೂಢಿಯಾಗಿದೆ. ಐಹೊಳೆಯ ಮಟ್ಟಿಗೆ ಆ ಮಾತನ್ನು ಒಪ್ಪಬಹುದು. ಪಟ್ಟದಕಲ್ಲಿಗೆ ಅದು ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ವಿರೂಪಾಕ್ಷವನ್ನು ಕಟ್ಟಿದವರಿಗೆ ತಾವು ಏನು ಮಾಡುತ್ತಿದ್ದೇವೆಂಬುದು ಅಡಿಗಲ್ಲಿನಿಂದಲೇ ಖಚಿತವಾಗಿ ಗೊತ್ತಿತ್ತು. ಪ್ರಯೋಗದ ಗುರುತು ಬೇಕಿದ್ದರೆ ಆವರಣದಿಂದ ಸ್ವಲ್ಪ ದೂರ ದಕ್ಷಿಣಕ್ಕೆ ನಡೆದು ಪಾಪನಾಥಕ್ಕೆ ಹೋಗಿ. ನಾಗರ ಶಿಖರದ ಆ ಗುಡಿ ಒಂದರ ಹಿಂದೊಂದು ಮಂಟಪಗಳಿಂದ ಉದ್ದವಾಗಿ ಬೆಳೆದಿದೆ, ಗೋಡೆಯ ಮೇಲೆ ದಕ್ಷಿಣದ ಅಲಂಕಾರಗಳೂ ಬಂದು ಸೇರಿವೆ. ಹೊರಗೋಡೆಯ ಉದ್ದಕ್ಕೂ ರಾಮಾಯಣದ ಕಥೆಯನ್ನು ಕೆತ್ತಿ, ಪಾತ್ರಗಳ ಹೆಸರನ್ನು ಹಳಗನ್ನಡದ ಲಿಪಿಯಲ್ಲಿ ಬರೆದಿದ್ದಾರೆ. ಹೆಚ್ಚಿನ ಪ್ರವಾಸಿಗರು ದಣಿದು ಈ ಗುಡಿಯನ್ನು ಬಿಟ್ಟೇ ಹೋಗುತ್ತಾರೆ.

ಪ್ರಶ್ನೆ: ವಿರೂಪಾಕ್ಷ ಗುಡಿಯನ್ನು ರಾಣಿಯೊಬ್ಬಳು ಕಟ್ಟಿಸಿದಳೆಂದು ಕೇಳಿದ್ದೇನೆ, ನಿಜವೇ? ಕಟ್ಟಿದ ಶಿಲ್ಪಿಗಳ ಹೆಸರುಗಳೇನಾದರೂ ಉಳಿದಿವೆಯೇ? – ಓದುಗರೊಬ್ಬರು, ಗುಳೇದಗುಡ್ಡ

ಉತ್ತರ: ನಿಜ. ಒಬ್ಬಳಲ್ಲ, ಇಬ್ಬರು. ಸುಮಾರು 733ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ವಿಕ್ರಮಾದಿತ್ಯನ ಇಬ್ಬರು ರಾಣಿಯರು ಹೈಹಯ ವಂಶದ ಅಕ್ಕತಂಗಿಯರು. ಹಿರಿಯಳಾದ ಲೋಕಮಹಾದೇವಿ ಕಟ್ಟಿಸಿದ್ದು ಇಂದಿನ ವಿರೂಪಾಕ್ಷ. ಶಾಸನಗಳಲ್ಲಿ ಅದರ ಹೆಸರು ಲೋಕೇಶ್ವರ. ಕಿರಿಯಳಾದ ತ್ರೈಲೋಕ್ಯಮಹಾದೇವಿ ಪಕ್ಕದಲ್ಲಿಯೇ ಕಟ್ಟಿಸಿದ ತ್ರೈಲೋಕ್ಯೇಶ್ವರವನ್ನು ನಾವೀಗ ಮಲ್ಲಿಕಾರ್ಜುನ ಎಂದು ಕರೆಯುತ್ತೇವೆ. ಇವಕ್ಕಿಂತ ಮೊದಲೇ ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ತನ್ನ ಹೆಸರಿನಲ್ಲಿ ವಿಜಯೇಶ್ವರವನ್ನು ಎತ್ತಿಸಿದ್ದನು. ಅದು ಇಂದಿನ ಸಂಗಮೇಶ್ವರ. ಹೀಗೆ ಮೂರೂ ದೊಡ್ಡ ಗುಡಿಗಳು ಕಟ್ಟಿಸಿದವರ ಹೆಸರನ್ನು ಕಳೆದುಕೊಂಡು ಊರಿನವರ ಬಾಯಲ್ಲಿ ಬೇರೆ ಹೆಸರಿನಿಂದ ಬದುಕಿವೆ.

ಲೋಕಮಹಾದೇವಿ ಗುಡಿ ಕಟ್ಟಿಸಿದ್ದಕ್ಕೆ ಶಾಸನ ಕೊಡುವ ಕಾರಣ ತನ್ನ ಗಂಡ ಕಂಚಿಯನ್ನು ಮೂರು ಸಲ ಗೆದ್ದದ್ದು. ಈ ಗೆಲುವಿನ ಹಿಂದೆ ಒಂದು ಹಳೆಯ ಲೆಕ್ಕವಿತ್ತು. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದು ‘ವಾತಾಪಿಕೊಂಡ’ ಎಂಬ ಬಿರುದನ್ನು ಧರಿಸಿದ್ದನು. ಅವನ ಶಾಸನ ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ಅದಾಗಿ ಸುಮಾರು ನೂರು ವರ್ಷಕ್ಕೆ ವಿಕ್ರಮಾದಿತ್ಯ ಕಂಚಿಯನ್ನು ಹೊಕ್ಕನು, ಆದರೆ ಅದನ್ನು ಹಾಳುಮಾಡಲಿಲ್ಲ. ಅಲ್ಲಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಅದೇ ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಹಾಕಿಸಿದ್ದಾನೆ. ಗೆದ್ದವನು ಸೋತವರ ಊರಿನಲ್ಲಿ ತನ್ನ ಭಾಷೆಯಲ್ಲಿ ಬರೆಯಿಸಿದ ಆ ಸಾಲುಗಳನ್ನು ಓದಿದ ಮೇಲೆ ಪಟ್ಟದಕಲ್ಲಿನ ವಿರೂಪಾಕ್ಷವೂ ಕಂಚಿಯ ಕೈಲಾಸನಾಥವೂ ಏಕೆ ಅಷ್ಟೊಂದು ಹೋಲುತ್ತವೆಂಬುದು ಅರ್ಥವಾಗುತ್ತದೆ. ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ಎಲ್ಲೋರದ ಕೈಲಾಸವನ್ನು ಕಡೆದವರ ಕಣ್ಣ ಮುಂದೆ ವಿರೂಪಾಕ್ಷ ಇದ್ದಿತೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ.

ಶಿಲ್ಪಿಗಳ ವಿಷಯದಲ್ಲಿ ಪಟ್ಟದಕಲ್ಲು ಉದಾರಿ. ವಿರೂಪಾಕ್ಷದ ಸೂತ್ರಧಾರಿ, ಎಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿ. ಕೆಲಸವನ್ನು ಮೆಚ್ಚಿ ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ‘ಪೆರ್ಜೆರೆಪು’ ಎಂಬ ಪಟ್ಟವನ್ನೂ ಕೊಟ್ಟದ್ದು ಪೂರ್ವದ ಮಹಾದ್ವಾರದ ಶಾಸನದಲ್ಲಿದೆ. ಸರ್ವಸಿದ್ಧಿ ಆಚಾರಿ ದಕ್ಷಿಣ ಭಾಗವನ್ನು ಕಟ್ಟಿದವನು. ಪಾಪನಾಥದ ಗೋಡೆಯ ಮೇಲೆ ರೇವಡಿ ಓವಜ್ಜನ ಹೆಸರಿದೆ. ಅರಸರನ್ನು ಹೊಗಳುವ ಶಾಸನ ನಾಡಿನ ತುಂಬ ಸಿಗುತ್ತವೆ. ಕಲ್ಲುಕುಟಿಗನಿಗೆ ಬಿರುದು ಕೊಟ್ಟದ್ದನ್ನು ಮಹಾದ್ವಾರದ ಮೇಲೆಯೇ ಕೊರೆಯಿಸಿದ್ದು ಅಪರೂಪ.

ಈ ಮಹಾದ್ವಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಈಗ ಟಿಕೆಟ್ಟು ಕೊಂಡು ರಸ್ತೆಯ ಕಡೆಯಿಂದ ಒಳಗೆ ಬರುವ ನಾವು ಚಿಕ್ಕ ಗುಡಿಗಳ ನಡುವಿನಿಂದ ಹಾದು ವಿರೂಪಾಕ್ಷದ ಮಗ್ಗುಲಿಗೆ ಬಂದು ಮುಟ್ಟುತ್ತೇವೆ. ಕಟ್ಟಿದವರು ಉದ್ದೇಶಿಸಿದ್ದು ಹಾಗಲ್ಲ. ಗುಡಿಯ ಮುಖ ಪೂರ್ವಕ್ಕೆ, ಹೊಳೆಗೆ. ಆದ್ದರಿಂದ ನೇರವಾಗಿ ಮಂಟಪ ಹೊಗದೆ ಪೂರ್ವದ ದ್ವಾರದವರೆಗೆ ನಡೆದುಹೋಗಿ, ಹೊಳೆಯ ಕಡೆಗೆ ಬೆನ್ನು ಮಾಡಿ ನಿಂತು ನೋಡಿ. ದ್ವಾರ, ಅದರ ಹಿಂದೆ ಕರಿಗಲ್ಲಿನ ದೊಡ್ಡ ನಂದಿಯ ಮಂಟಪ, ಅದರ ಹಿಂದೆ ಮುಖಮಂಟಪ, ಎಲ್ಲದರ ಮೇಲೆ ಶಿಖರ ಒಂದೇ ಗೆರೆಯಲ್ಲಿ ಜೋಡಿಸಿಕೊಳ್ಳುತ್ತವೆ. ಬೆಳಿಗ್ಗೆ ಬೇಗ ಹೋಗಿರೆಂದು ಮೊದಲ ಪತ್ರಕ್ಕೆ ಬರೆದದ್ದು ಇದಕ್ಕಾಗಿಯೇ. ಎಳೆಬಿಸಿಲು ನೇರವಾಗಿ ಈ ಮುಖದ ಮೇಲೆ ಬೀಳುತ್ತದೆ. ಪೂರ್ವದ ಮುಖಮಂಟಪದ ಮುಚ್ಚಿಗೆಯಲ್ಲಿ ರಥವೇರಿದ ಸೂರ್ಯನಿದ್ದಾನೆ. ಒಳಗೆ ಹೋದ ಮೇಲೆ ಮೊಬೈಲಿನ ದೀಪ ಹೊತ್ತಿಸುವ ಅವಸರ ಬೇಡ. ಜಾಲಂಧ್ರಗಳಿಂದ ಬರುವ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಬಿಟ್ಟರೆ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಕಥೆಗಳು ತಾವಾಗಿ ಕಾಣತೊಡಗುತ್ತವೆ. ಶರಶಯ್ಯೆಯ ಭೀಷ್ಮನನ್ನು ಮಕ್ಕಳೇ ಹುಡುಕಲಿ. ತಂಗಿಯ ಗುಡಿಯಾದ ಮಲ್ಲಿಕಾರ್ಜುನದ ಕಂಬಗಳಲ್ಲಿ ಪಂಚತಂತ್ರದ ಕಥೆಗಳೂ ಕೃಷ್ಣನ ಬಾಲಲೀಲೆಗಳೂ ಇವೆ. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುವುದರಿಂದ ಪಾದರಕ್ಷೆಯನ್ನು ಹೊರಗೆ ಬಿಡಬೇಕು.

ಪ್ರಶ್ನೆ: ಮಹಾಕೂಟದಲ್ಲಿ ಮಂಗಲೇಶನ ಕಂಬವನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಎಲ್ಲಿದೆ? – ಓದುಗರೊಬ್ಬರು, ಕೆರೂರ

ಉತ್ತರ: ಅದು ಅಲ್ಲಿಲ್ಲ, ವಿಜಯಪುರದಲ್ಲಿದೆ. ಚಾಲುಕ್ಯ ಅರಸ ಮಂಗಲೇಶ ನಿಲ್ಲಿಸಿದ ಮಹಾಕೂಟದ ಧರ್ಮಸ್ತಂಭವನ್ನು ಬಹಳ ಹಿಂದೆಯೇ ಅಲ್ಲಿಗೆ ಸಾಗಿಸಲಾಗಿದ್ದು, ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದ ಆಶ್ರಯದಲ್ಲಿ ಅದು ಉಳಿದುಕೊಂಡಿದೆ. ಕ್ರಿ.ಶ. 602ರ ಸುಮಾರಿನ ಆ ಶಾಸನ ಚಾಲುಕ್ಯರ ಆರಂಭದ ಅರಸರನ್ನು ವರಸೆಯಾಗಿ ಹೇಳುವುದರಿಂದ ಇತಿಹಾಸಕಾರರಿಗೆ ಅದು ಬಹಳ ಬೇಕಾದದ್ದು. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ದಾನದ ಸಂಗತಿಯೂ ಅದರಲ್ಲಿದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಓಡುವ ಅವಸರದಲ್ಲಿ ಈ ಕಂಬವನ್ನು ದಾಟಿ ಹೋಗುವವರೇ ಹೆಚ್ಚು.

ಕಂಬವಿಲ್ಲವೆಂದು ಮಹಾಕೂಟವನ್ನು ಬಿಡಬೇಕಾಗಿಲ್ಲ. ನೆಲದೊಳಗಿನ ಬುಗ್ಗೆಯಿಂದ ತುಂಬುವ ಪುಷ್ಕರಣಿ ಅಲ್ಲಿಯ ಜೀವ. ಅದರ ಸುತ್ತ ಮರಗಳ ನೆರಳಿನಲ್ಲಿ ಮಹಾಕೂಟೇಶ್ವರ, ಮಲ್ಲಿಕಾರ್ಜುನ ಮತ್ತು ಹಲವು ಚಿಕ್ಕ ಗುಡಿಗಳು ಒತ್ತಾಗಿ ನಿಂತಿವೆ. ನಾಗರ, ದ್ರಾವಿಡ ಎರಡೂ ಇಲ್ಲಿಯೂ ಸಿಗುತ್ತವೆ. ಬಾದಾಮಿಯಿಂದ ಗುಡ್ಡದ ಮೇಲೆ ಹಾಯ್ದು ಬರುವ ಹಳೆಯ ಕಾಲುದಾರಿಯೂ ಇದೆ. ಚಳಿಗಾಲದ ಬೆಳಗಿನಲ್ಲಿ, ದಾರಿ ಬಲ್ಲವರೊಬ್ಬರನ್ನು ಜೊತೆ ಮಾಡಿಕೊಂಡು, ನೀರು ಹಿಡಿದುಕೊಂಡು ನಡೆಯಬಲ್ಲವರಿಗೆ ಮಾತ್ರ ಅದನ್ನು ಹೇಳುತ್ತೇನೆ.

ಪ್ರಶ್ನೆ: ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆಯಂತೆ. ಇತಿಹಾಸದ ವಿದ್ಯಾರ್ಥಿಯಾದ ನಾನು ಅರ್ಧ ದಿನದಲ್ಲಿ ತಪ್ಪದೆ ನೋಡಬೇಕಾದವು ಯಾವುವು? ಇಮ್ಮಡಿ ಪುಲಕೇಶಿಯ ಶಾಸನವನ್ನು ಹತ್ತಿರದಿಂದ ನೋಡಬಹುದೇ? – ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಶಾಸನವನ್ನು ನೋಡಬಹುದು, ಮತ್ತು ನೀವು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಮೇಗುಟಿ ಬೆಟ್ಟದ ಮೆಟ್ಟಿಲುಗಳನ್ನು ಬಿಸಿಲೇರುವ ಮುನ್ನ ಹತ್ತಿರಿ. ಮೇಲಿರುವ ಜೈನ ಬಸದಿಯ ಪೂರ್ವದ ಹೊರಗೋಡೆಯಲ್ಲಿ ರವಿಕೀರ್ತಿ ರಚಿಸಿದ ಸಂಸ್ಕೃತ ಕಾವ್ಯರೂಪದ ಶಾಸನವಿದೆ. ಅದರ ಕಾಲ ಶಕ 556, ಎಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ಸಂಗತಿಯನ್ನು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಆ ಮಾತಿನ ಆಧಾರ ಈ ಗೋಡೆ. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗಳ ಸಾಲಿಗೆ ಸೇರಿಸಿಕೊಂಡಿದ್ದಾನೆ. ಅವನ ಈ ಜಂಭದಿಂದ ನಮಗಾದ ಲಾಭವೆಂದರೆ, ಆ ಇಬ್ಬರು ಕವಿಗಳು 634ಕ್ಕಿಂತ ಹಿಂದಿನವರೆಂದು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು. ಭಾಷೆ ಸಂಸ್ಕೃತವಾದರೂ ಲಿಪಿ ಹಳಗನ್ನಡದ್ದಾದ್ದರಿಂದ, ಅಂದಿನ ಅಕ್ಷರಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ ತಾಳ್ಮೆಯಿರುವ ವಿದ್ಯಾರ್ಥಿ ಕೆಲವು ಅಕ್ಷರಗಳನ್ನಾದರೂ ಗುರುತಿಸಬಹುದು. ಗೋಡೆಯನ್ನು ಮಾತ್ರ ಮುಟ್ಟಬೇಡಿ. ಅದೇ ಬೆಟ್ಟದ ಮೇಲೆ ಚಾಲುಕ್ಯರಿಗಿಂತ ಎಷ್ಟೋ ಹಿಂದಿನ ಕಲ್ಮನೆ ಗೋರಿಗಳಿವೆ. ಇಳಿಯುವಾಗ ಇಳಿಜಾರಿನಲ್ಲಿ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ.

ಕೆಳಗೆ ಬಂದ ಮೇಲೆ ದುರ್ಗದ ಗುಡಿಯ ಆವರಣ. ಇಲ್ಲಿ ದುರ್ಗೆಯ ಗುಡಿಯನ್ನು ಹುಡುಕಬಾರದು. ಪಕ್ಕದಲ್ಲಿದ್ದ ಕೋಟೆಯಿಂದ ಬಂದ ಹೆಸರು ಅದು, ಮೂಲದಲ್ಲಿ ಇದು ಆದಿತ್ಯನ ದೇಗುಲವಾಗಿತ್ತೆಂದು ಶಾಸನದಿಂದ ತಿಳಿದುಬರುತ್ತದೆ. ಹಿಂಭಾಗ ಆನೆಯ ಬೆನ್ನಿನಂತೆ ದುಂಡಾಗಿರುವುದರಿಂದ ಇದನ್ನು ಗಜಪೃಷ್ಠಾಕಾರ ಎನ್ನುತ್ತಾರೆ. ಗುಡಿಯನ್ನು ಸುತ್ತುವರಿದ ಕಂಬಗಳ ಮೊಗಸಾಲೆಯಲ್ಲಿ ನಿಧಾನವಾಗಿ ಪ್ರದಕ್ಷಿಣೆ ಬಂದರೆ ನಂದಿಯೊಡನೆ ನಿಂತ ಶಿವ, ನರಸಿಂಹ, ಗರುಡನ ಮೇಲಿನ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಒಬ್ಬರಾದ ಮೇಲೊಬ್ಬರು ಎದುರಾಗುತ್ತಾರೆ. ಪಕ್ಕದ ಲಾಡಖಾನ್ ಗುಡಿಯಲ್ಲಿ ನೋಡಬೇಕಾದದ್ದು ಮಾಳಿಗೆ. ಇಳಿಜಾರಾಗಿ ಹೊದಿಸಿದ ಚಪ್ಪಡಿಗಳ ಸಂದುಗಳನ್ನು ಮುಚ್ಚಲು ಮರದ ತೊಲೆಗಳಂತೆ ಕಾಣುವ ಉದ್ದನೆಯ ಕಲ್ಲುಪಟ್ಟಿಗಳನ್ನಿಟ್ಟಿದ್ದಾರೆ. ಮರದಲ್ಲಿ ಕಟ್ಟಿ ರೂಢಿಯಿದ್ದ ಕೈಗಳು ಕಲ್ಲಿಗೆ ಹೊರಳಿಕೊಂಡದ್ದು ಅಲ್ಲಿ ಕಾಣುತ್ತದೆ. ಗುಡಿಯ ಹೆಸರು ಒಂದು ಕಾಲದಲ್ಲಿ ಅದರೊಳಗೆ ವಾಸವಾಗಿದ್ದ ವ್ಯಕ್ತಿಯದು. ಅಂಬಿಗೇರ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯನ ಮಠ ಮೊದಲಾದ ಹೆಸರುಗಳನ್ನು ಕೇಳಿದರೆ, ಊರಿನವರಿಗೆ ಇವು ಸ್ಮಾರಕಗಳಾಗುವ ಮುನ್ನ ನೆರೆಹೊರೆಯಾಗಿದ್ದವು ಎಂಬುದು ತಿಳಿಯುತ್ತದೆ.

ಕೊನೆಗೆ ರಾವಣಫಡಿಯನ್ನು ತಪ್ಪಿಸಬೇಡಿ. ಬಂಡೆಯನ್ನು ಕೊರೆದ ಆ ಗುಹೆಯಲ್ಲಿ ಹತ್ತು ಕೈಗಳ ಶಿವ ಸಪ್ತಮಾತೃಕೆಯರ ನಡುವೆ ಕುಣಿಯುತ್ತಿದ್ದಾನೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನಿಗೆ ಸಿಗುವ ಪ್ರಸಿದ್ಧಿ ಇವನಿಗೆ ಸಿಕ್ಕಿಲ್ಲ. ನನ್ನನ್ನು ಕೇಳಿದರೆ ಇವನೇ ಒಂದು ಕೈ ಮೇಲು.

ಪ್ರಶ್ನೆ: ಮೊಣಕಾಲು ನೋವಿರುವ ನನಗೆ ಬಾದಾಮಿಯ ನಾಲ್ಕೂ ಗುಹೆಗಳನ್ನು ಹತ್ತುವುದು ಕಷ್ಟ. ಒಂದನ್ನು ಬಿಟ್ಟರೆ ಯಾವುದನ್ನು ಬಿಡಬೇಕು? – ಓದುಗರೊಬ್ಬರು, ಬೆಳಗಾವಿ

ಉತ್ತರ: ಕುಳಿತು ಕುಳಿತು ಹತ್ತಿದರೂ ಸರಿಯೇ, ಮೂರನೆಯ ಗುಹೆಯವರೆಗೆ ಹೋಗಿ. ದೊಡ್ಡದೂ ಚೆಲುವಾದದ್ದೂ ಅದೇ, ಕಾಲ ಖಚಿತವಾಗಿ ಗೊತ್ತಿರುವುದೂ ಅದರದ್ದೇ: ಶಕ 500, ಕ್ರಿ.ಶ. 578. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ಮಂಗಲೇಶ ಅದನ್ನು ವಿಷ್ಣುವಿಗಾಗಿ ಮಾಡಿಸಿದನು. ಶೇಷನ ಮೇಲೆ ಕುಳಿತ ವಿಷ್ಣು, ತ್ರಿವಿಕ್ರಮ, ನರಸಿಂಹ ಇವರ ಎದುರು ನಿಂತ ಮೇಲೆ ಮೆಟ್ಟಿಲಿನ ದಣಿವು ನೆನಪಿರುವುದಿಲ್ಲ. ಅಲ್ಲಿಯವರೆಗೆ ಹೋದರೆ ನಾಲ್ಕನೆಯದಾದ ಜೈನ ಗುಹೆ ಪಕ್ಕದಲ್ಲಿಯೇ ಇದೆ. ಬಿಡಲೇಬೇಕಾದರೆ ಎರಡನೆಯದನ್ನು ಬಿಡಿ. ಅದರ ವರಾಹ, ತ್ರಿವಿಕ್ರಮರು ಮೂರನೆಯದರಲ್ಲಿ ಇನ್ನೂ ದೊಡ್ಡದಾಗಿ ಸಿಗುತ್ತಾರೆ. ಕೈಯಲ್ಲಿ ತಿಂಡಿಯ ಚೀಲ ಇರಬಾರದು, ಮಂಗಗಳ ಕಾಟ ಬಹಳ.

ಸಂಜೆಗೆ ಅಗಸ್ತ್ಯತೀರ್ಥದ ಇನ್ನೊಂದು ತುದಿಯ ಭೂತನಾಥ ಗುಡಿಗೆ ಕೆರೆಯ ಅಂಚಿನಲ್ಲಿ ಸಮತಟ್ಟಾದ ದಾರಿಯಿದೆ. ಪಡುವಣ ಬಿಸಿಲಿಗೆ ಹಿಂದಿನ ಬಂಡೆಯೆಲ್ಲ ಕೆಂಪೇರುತ್ತದೆ. ಕೆರೆಯ ಈಶಾನ್ಯಕ್ಕಿರುವ ತಟ್ಟುಕೋಟೆಯ ಬಂಡೆಯ ಮೇಲೆ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ತ್ರಿಪದಿ ಇರುವುದು ಅಲ್ಲಿ. ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳಲ್ಲಿ ಅದು ಒಂದು. ಅದರ ಎದುರು ಗುಂಪು ಸೇರಿದ್ದನ್ನು ಮಾತ್ರ ನಾನು ಎಂದೂ ಕಂಡಿಲ್ಲ.

ಪ್ರಶ್ನೆ: ನಮ್ಮ ಊರಿನ ಹೊಳೆಗೆ ನೀರು ಬಂದರೆ ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗುತ್ತದೆಯೇ? ಮಳೆಗಾಲದಲ್ಲಿ ಹೋಗಬಹುದೇ? – ಓದುಗರೊಬ್ಬರು, ರಾಮದುರ್ಗ

ಉತ್ತರ: ಹೊಳೆ ಬಹಳ ಏರಿದಾಗ ನುಗ್ಗುತ್ತದೆ. 2019ರ ಆಗಸ್ಟಿನಲ್ಲಿ ಘಟ್ಟದಲ್ಲಿ ಸುರಿದ ಮಳೆಯಿಂದ ನವಿಲುತೀರ್ಥದ ರೇಣುಕಾಸಾಗರ ತುಂಬಿ, ಬಿಟ್ಟ ನೀರು ನಿಮ್ಮ ಊರನ್ನೂ ಮುಳುಗಿಸಿ ಪಟ್ಟದಕಲ್ಲಿನ ಆವರಣದೊಳಕ್ಕೂ ಬಂದಿತ್ತು. ಗುಡಿಗಳು ಗಟ್ಟಿಯಾಗಿ ನಿಂತವು. ಊರಿನ ಮನೆ, ಹೊಲಗಳಿಗೆ ಆದ ಹಾನಿಯೇ ದೊಡ್ಡದು. ಗುಡಿಗಳನ್ನು ಹೊಳೆಗೆ ಇಷ್ಟು ಹತ್ತಿರ ಕಟ್ಟಿದವರಿಗೆ ಪ್ರವಾಹ ಹೊಸದಾಗಿರಲಿಲ್ಲ. ಗುಡಿಗಳು ನಿಂತಿರುವ ಎತ್ತರದ ಜಗತಿಗಳನ್ನು, ಎಂದರೆ ಕಟ್ಟೆಗಳನ್ನು, ನೋಡಿದರೆ ಹಾಗೆನಿಸುತ್ತದೆ.

ಮಳೆಗಾಲದಲ್ಲಿ ಹೋಗಬಾರದೆಂದೇನಿಲ್ಲ. ಘಟ್ಟದಲ್ಲಿ ಜೋರಾದ ಮಳೆಯಿದ್ದು ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿಯಿದ್ದಾಗ ಮಾತ್ರ ಬೇಡ. ಉಳಿದಂತೆ ಸಪ್ಟೆಂಬರಿನಲ್ಲಿ ಬಯಲೆಲ್ಲ ಹಸಿರಾಗಿರುತ್ತದೆ, ಮಳೆ ಬಿದ್ದ ದಿನ ಬಾದಾಮಿಯ ಬಂಡೆಯ ಮೇಲಿಂದ ಅಕ್ಕತಂಗಿಯರ ಜಲಪಾತ ಧುಮುಕುತ್ತದೆ. ನವೆಂಬರಿನಿಂದ ಫೆಬ್ರುವರಿ ಎಲ್ಲರಿಗೂ ಹಿತವಾದ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಲೇಬೇಕಾದರೆ ಬೆಳಗಿನ ಹತ್ತರ ಮೇಲೆ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲವೆಂಬುದನ್ನು ತಿಳಿದುಕೊಂಡೇ ಹೊರಡಿ. ಹೊಳೆಯಲ್ಲಿ ಮೀಯುವ ಆಸೆಯಿದ್ದವರು ಊರಿನವರನ್ನು ಕೇಳದೆ ಇಳಿಯಬಾರದು.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಬೇಕಾಗಿದೆ. ಮಾರ್ಗದರ್ಶಿ ಬೇಕೇ? ವಸ್ತುಸಂಗ್ರಹಾಲಯಗಳಿಗೆ ಸಮಯ ಕೊಡುವಷ್ಟು ಮಹತ್ವವಿದೆಯೇ? – ಶಿಕ್ಷಕರೊಬ್ಬರು, ಹುನಗುಂದ

ಉತ್ತರ: ಪಟ್ಟದಕಲ್ಲಿನಲ್ಲಿ ಬೇಕು, ಐಹೊಳೆಯ ಊರ ಹೊರಗಿನ ಗುಡಿಗಳಿಗೂ ಬೇಕು. ಬಾದಾಮಿಯ ಗುಹೆಗಳಲ್ಲಿ ನೀವೇ ಮುಂಚಿತವಾಗಿ ಓದಿಕೊಂಡು ಹೋದರೆ ಸಾಕು. ಕಂಬದ ಮೇಲಿನ ಯಾವ ಮೂರ್ತಿ ಹಡಗಿನಂತೆ, ಯಾವುದು ಮೊಬೈಲು ಹಿಡಿದವನಂತೆ ಕಾಣುತ್ತದೆಂದು ನಗಿಸುವ ಮಾರ್ಗದರ್ಶಿ ಸಿಕ್ಕರೆ, ಶಾಸನಗಳು ಎಲ್ಲಿವೆ ಎಂದು ಕೇಳಿ. ನಿಜವಾಗಿ ಬಲ್ಲವರು ಕೂಡಲೇ ತೋರಿಸುತ್ತಾರೆ. ಮಕ್ಕಳ ಕೈಗೆ ವೇಳಾಪಟ್ಟಿಯ ಬದಲು ಒಂದು ಖಾಲಿ ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು, ಒಂದು ನಾಗರ ಮತ್ತು ಒಂದು ದ್ರಾವಿಡ ಶಿಖರದ ಗೆರೆಚಿತ್ರ ಬರೆಯಲು ಹೇಳಿ. ಹೆಸರು ಕೊರೆಯುವ ಚಾಳಿಗೂ ಅದು ಮದ್ದು. ಕೈಗೆ ಕೆಲಸವಿದ್ದರೆ ಗೋಡೆಯ ಕಡೆಗೆ ಅದು ಹೋಗುವುದಿಲ್ಲ.

ವಸ್ತುಸಂಗ್ರಹಾಲಯಗಳಲ್ಲಿ ಬಾದಾಮಿಯದ್ದಕ್ಕೆ ಅರ್ಧ ತಾಸು ಕೊಡಲೇಬೇಕು; ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಮೂರ್ತಿ ಅಲ್ಲಿದೆ. ಐಹೊಳೆಯದ್ದು ದುರ್ಗದ ಗುಡಿಯ ಆವರಣಕ್ಕೆ ಹೊಂದಿಕೊಂಡಿದೆ. ಎರಡಕ್ಕೂ ಶುಕ್ರವಾರ ರಜೆ, ಆದ್ದರಿಂದ ಪ್ರವಾಸವನ್ನು ಬೇರೆ ದಿನಕ್ಕೆ ಗೊತ್ತುಮಾಡಿ. ಹದಿನೈದು ವರ್ಷದ ಒಳಗಿನವರಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಪ್ರವೇಶಶುಲ್ಕವಿಲ್ಲ. ಶಾಲೆಯ ಗುರುತಿನ ಚೀಟಿಗಳನ್ನು ಜೊತೆಗೆ ತೆಗೆದುಕೊಂಡು ಹೋಗಿ. ಮಧ್ಯಾಹ್ನದ ಊಟಕ್ಕೆ ಬನಶಂಕರಿಯ ಹತ್ತಿರ ರೊಟ್ಟಿಬುಟ್ಟಿ ಹೊತ್ತ ಹೆಂಗಸರ ಬಳಿ ಜೋಳದ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಸಿಗುತ್ತವೆ. ಇಡೀ ತರಗತಿಗೆ ಬೇಕಾದರೆ ಹಿಂದಿನ ದಿನವೇ ಹೇಳಿಡಬೇಕಾಗುತ್ತದೆ.